ಎರಡು ಗುಂಡು, ಒಂದು ಹಂಡೆ

ನಾನು ಓದಿದ ಕಾಲೇಜಿನಲ್ಲಿ ಕಳ್ಳರು ಮುಟ್ಟದೆ ಬಿಟ್ಟದ್ದು ಪಠ್ಯಪುಸ್ತಕಗಳನ್ನು ಮಾತ್ರ. ನಾವೂ ಮುಟ್ಟುತ್ತಿರಲಿಲ್ಲ, ಆ ಮಾತು ಬೇರೆ.

ಕಾಲೇಜು ಎಂದ ಕೂಡಲೇ ಕಂಬ, ಕಮಾನು, ಗಡಿಯಾರದ ಗೋಪುರ ಅಂತೆಲ್ಲ ಊಹಿಸಿಕೊಳ್ಳಬೇಡಿ. ಮಡಿಕೇರಿಯಿಂದ ಕೊಂಚ ಆಚೆ, ಗುಡ್ಡದ ನೆತ್ತಿಯ ಮೇಲೆ ಒಂದು ಹೈಸ್ಕೂಲಿತ್ತು. ಕೊಡಗಿನ ಹುಡುಗರು ಮುಂದೆ ಓದಬೇಕಾದರೆ ಮಂಗಳೂರಿಗೋ ಮದರಾಸಿಗೋ ಓಡಬೇಕಲ್ಲ ಎಂದು ದೊಡ್ಡವರೆಲ್ಲ ಸೇರಿ ಸರಕಾರದ ಕಿವಿ ಹಿಂಡಿದ ಮೇಲೆ, ಸರಕಾರ ಅದರ ಹಿಂಬದಿಗೆ ಒಂದು ತಗಡಿನ ಶೆಡ್ಡು ಎಬ್ಬಿಸಿ, ಇನ್ನು ಮುಂದೆ ಇದು ಕಾಲೇಜು ಎಂದುಬಿಟ್ಟಿತು. ಮಳೆಗಾಲದಲ್ಲಿ ತಗಡಿನ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ಕೇಳಿಸುತ್ತಿತ್ತು. ಹಾಗಾಗಿ ನಮಗೆಲ್ಲ ಮಳೆಗಾಲವೇ ಇಷ್ಟ.

ಶೆಡ್ಡಿನ ಪಕ್ಕ ಹಾಸ್ಟೆಲು, ಹಾಸ್ಟೆಲಿನ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡು ಉಗ್ರಾಣ. ಆ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳಿಗೂ ಬೆಲ್ಲದ ಡಬ್ಬಗಳಿಗೂ ನಡುವೆ, ನನ್ನ ಚಾಪೆ. ಹಾಸ್ಟೆಲಿನ ಫೀಸು ಕಟ್ಟುವಷ್ಟು ನಮ್ಮ ಮನೆಯಲ್ಲಿರಲಿಲ್ಲ. ಆದರೆ ಹಾಸ್ಟೆಲಿನ ಅಡುಗೆಯವರು ನನ್ನ ಸ್ವಂತ ಸೋದರಮಾವ. ಅವರು ಉಗ್ರಾಣ ಕಾಯಲು ಒಬ್ಬ ಬೇಕು ಎಂದು ಪ್ರಿನ್ಸಿಪಾಲರನ್ನು ಒಪ್ಪಿಸಿ, ನನ್ನನ್ನು ಅಲ್ಲಿ ಮಲಗಿಸಿ, ಉಳಿದ ಅನ್ನ ಸಾರಿನಲ್ಲಿ ನನ್ನನ್ನು ಬಿ.ಎ. ತನಕ ಎಳೆದುಕೊಂಡು ಹೋಗುವ ಲೆಕ್ಕ ಹಾಕಿದ್ದರು. ಅಂದರೆ ಮಾವನ ಒಲೆ ಉರಿಯುವ ತನಕ ನನ್ನ ವಿದ್ಯೆ. ಒಲೆ ಆರಿದರೆ ಊರಿಗೆ ಹೋಗಿ ಎಮ್ಮೆ ಕಾಯುವುದು. ಎಮ್ಮೆಗಳಿಗೂ ಇದು ಗೊತ್ತಿತ್ತು ಅಂತ ಕಾಣುತ್ತದೆ, ರಜೆಗೆ ಹೋದಾಗಲೆಲ್ಲ ನನ್ನನ್ನು ತಮ್ಮವನಂತೆಯೇ ನೋಡುತ್ತಿದ್ದವು.

ಕಾಲೇಜು ಶುರುವಾದ ವರ್ಷದಿಂದಲೇ ಕಳ್ಳತನವೂ ಶುರುವಾಗಿತ್ತು. ಮೊದಲು ಸೋಪು. ಆಮೇಲೆ ಹಗ್ಗದ ಮೇಲೆ ಒಣಹಾಕಿದ ಟವೆಲು. ಆಮೇಲೆ ಕೊಡೆ, ಎಣ್ಣೆ ಕುಪ್ಪಿ, ಲಾಟೀನಿನ ಗಾಜು. ಶ್ರೀಮಂಗಲದ ಹುಡುಗನೊಬ್ಬನ ಅಮ್ಮ ಕಳಿಸಿದ ಹಂದಿಮಾಂಸದ ಉಪ್ಪಿನಕಾಯಿ ಭರಣಿ ಸಮೇತ ಮಾಯವಾಯಿತು. ಅವನು ಊಟ ಬಿಟ್ಟು, ಹೆತ್ತವರನ್ನು ಕಳಕೊಂಡವನ ಹಾಗೆ ಗೋಡೆಗೆ ಮುಖ ಮಾಡಿ ಮಲಗಿದ. ಕಾಲೇಜಿನ ಗಂಟೆ ಹೋಯಿತು. ಅಂದಿನಿಂದ ಜವಾನ ಊಟದ ತಟ್ಟೆಗೆ ಸೌಟಿನಿಂದ ಬಡಿದು ಪೀರಿಯಡ್ ಮುಗಿಸುತ್ತಿದ್ದ. ನಮಗೆ ಪ್ರತಿ ಪೀರಿಯಡ್ಡಿನ ಕೊನೆಯಲ್ಲೂ ಹಸಿವಾಗುತ್ತಿತ್ತು.

ಎಲ್ಲದಕ್ಕೂ ಮೇಲೆ, ಸುಗ್ಗಿಯ ಹುತ್ತರಿ ಹಬ್ಬ ಕಳೆದು ಚಳಿ ಕಚ್ಚುವ ಹೊತ್ತಿಗೆ, ಹಾಸ್ಟೆಲಿನ ತಾಮ್ರದ ಹಂಡೆ ಹೋಯಿತು.

ಅದು ಸಣ್ಣ ಹಂಡೆಯಲ್ಲ. ಇಡೀ ಹಾಸ್ಟೆಲಿನ ಸ್ನಾನದ ನೀರು ಅದರಲ್ಲೇ ಕಾಯುವುದು. ನನಗೂ ಅದಕ್ಕೂ ವಿಶೇಷ ಸಂಬಂಧ ಬೇರೆ. ಕಾಲೇಜು ಸೇರಿದ ಹೊಸತರಲ್ಲಿ ಮಾವ ಅದನ್ನು ತೊಳೆದು ತರಲು ಕೆರೆಗೆ ಕಳಿಸಿದ್ದರು. ಹೊರುವುದು ಸುಲಭವಾಗಲಿ ಎಂದು ನಾನು ಅದನ್ನು ಟೋಪಿಯ ಹಾಗೆ ತಲೆಯ ಮೇಲೆ ಬೋರಲು ಹಾಕಿಕೊಂಡೆ. ಮುಂದಿನ ದಾರಿ ಕಾಣುವುದಿಲ್ಲ ಎಂಬುದು ಹಾಕಿಕೊಂಡ ಮೇಲೆ ತಿಳಿಯಿತು. ಕೆರೆಯ ಮೆಟ್ಟಿಲು ಶುರುವಾಯಿತು ಎಂಬುದು ಮೆಟ್ಟಿಲು ಮುಗಿದ ಮೇಲೆ ತಿಳಿಯಿತು. ಹಂಡೆಯ ಅಡಿಯ ಹತ್ತಿರ ಒಂದು ತಗ್ಗು ಬಿತ್ತು, ನನ್ನ ಹಣೆಯ ಮೇಲೆ ಒಂದು ಉಬ್ಬು ಎದ್ದಿತು. ಎರಡನ್ನೂ ಜೋಡಿಸಿದರೆ ಬೀಗ, ಬೀಗದಕೈ. ಮಾವ ಹಂಡೆಯ ಮೇಲೆ ಕೈಯಾಡಿಸಿ, "ಪಾಪ" ಎಂದಿದ್ದರು. ನನಗೆ ಹೇಳಿದ್ದಲ್ಲ, ಹಂಡೆಗೆ.

ಹಂಡೆ ಇಟ್ಟಿದ್ದ ಬಚ್ಚಲುಕೋಣೆಗೂ ಉಗ್ರಾಣಕ್ಕೂ ಇದ್ದದ್ದು ಎರಡೇ ಬೀಗದಕೈ. ಒಂದು ಮಾವನ ಸೊಂಟದಲ್ಲಿ. ಇನ್ನೊಂದು ಹಾಸ್ಟೆಲಿನ ವಾರ್ಡನ್‌ರ ಹತ್ತಿರ. ವಾರ್ಡನ್ ಎಂದರೆ ನಮಗೆ ಗಣಿತ ಕಲಿಸುವ ಮೇಷ್ಟ್ರು. ಕಾಲೇಜಿನ ಕಾಂಪೌಂಡಿನೊಳಗೇ, ಬಾಳೆತೋಟದಾಚೆ ಅವರ ಬಿಡಾರ. ಅವರ ಮೇಲೆ ಯಾರೂ ಸಂಶಯ ಪಡಲಿಲ್ಲ. ಕೋಟು ಹಾಕುತ್ತಿದ್ದರಲ್ಲ.

ಪ್ರಿನ್ಸಿಪಾಲರು ಬಿಳಿಯ ದೊರೆ. ಯಾವುದೋ ಪಾದ್ರಿಯ ಹಳೆಯ ಪುಸ್ತಕದಿಂದ ಕನ್ನಡ ಕಲಿತಿದ್ದರು. ಹಾಗಾಗಿ ಸೊಪ್ಪು ಮಾರುವವಳ ಹತ್ತಿರವೂ ಶಾಸನ ಓದಿದ ಹಾಗೆ ಮಾತಾಡುತ್ತಿದ್ದರು. ಅವರು ಮಾವನನ್ನು ಕರೆಸಿ ಹೇಳಿದರು:

"ಎಲೈ ಪಾಚಕನೇ, ಈ ಶನಿವಾರದೊಳಗಾಗಿ ಚೋರನು ದೊರೆಯದಿದ್ದಲ್ಲಿ ನೀನು ಹೊರಡತಕ್ಕದ್ದು."

ಮಾವ ನನ್ನ ಕಡೆ ತಿರುಗಿ, "ಇವರು ಕನ್ನಡದಲ್ಲಿ ಹೇಳಿದ್ದಾ?" ಎಂದು ಕೇಳಿದರು.

"ಹೌದು ಮಾವ. ಶನಿವಾರದ ಒಳಗೆ ಕಳ್ಳ ಸಿಗದಿದ್ದರೆ ನಿಮ್ಮನ್ನು ತೆಗೀತಾರಂತೆ."

"ಕಳ್ಳನ್ನ ನಾ ಎಲ್ಲಿಂದ ತರ್ದು? ಹಂಡೆ ಇಷ್ಟೊತ್ತಿಗೆ ಮಾಕುಟ್ಟದ ಕಾಡು ದಾಟಿ ಮಲೆಯಾಳದಲ್ಲಿ ಭತ್ತ ಬೇಯಿಸ್ತಾ ಉಟ್ಟು."

ಮಾವನ ಅರೆಭಾಷೆಯಲ್ಲಿ ಉಂಟು ಎಂಬುದು ಉಟ್ಟು. ಬಾಯಲ್ಲಿ ತಮಾಷೆ ಮಾಡಿದರೂ ಅಂದು ಮಾವ ಸಾರಿಗೆ ಉಪ್ಪು ಹಾಕಲು ಮರೆತರು. ನಾನು ಅದನ್ನೇ ಎರಡು ಸಲ ಹಾಕಿಸಿಕೊಂಡು ಉಂಡೆ. ಎಮ್ಮೆಗಳು ಕಣ್ಣ ಮುಂದೆ ಸಾಲಾಗಿ ನಿಂತಿದ್ದವು.

ಆಗ ನನ್ನ ತಲೆಗೆ ಉಪಾಯ ಹೊಳೆಯಿತು. ನನ್ನ ತಲೆಗೆ ಉಪಾಯ ಹೊಳೆದಾಗ ಯಾರಾದರೂ ನನ್ನನ್ನು ಕಂಬಕ್ಕೆ ಕಟ್ಟಬೇಕಿತ್ತು, ಆದರೆ ಆ ಹೊತ್ತಿಗೆ ಹತ್ತಿರ ಯಾರೂ ಇರಲಿಲ್ಲ.

ಕಳವು ಯಾವಾಗಲೂ ಆಗುತ್ತಿದ್ದದ್ದು ಮಧ್ಯಾಹ್ನ. ಹುಡುಗರೆಲ್ಲ ಕ್ಲಾಸಿನಲ್ಲಿ, ಮಾವ ಕೆರೆಯಲ್ಲಿ ಪಾತ್ರೆಗಳ ಜೊತೆ, ದೊರೆ ತಮ್ಮ ಬಂಗಲೆಯ ಜಗಲಿಯಲ್ಲಿ ಆರಾಮ ಕುರ್ಚಿಯ ಮೇಲೆ ನಿದ್ರೆ. ಉಗ್ರಾಣದ ಹಿಂಬಾಗಿಲಿಗೆ ಎದುರಾಗಿ ಒಂದು ಸೀಬೆ ಮರವಿತ್ತು. ನಾನು ಕ್ಲಾಸು ತಪ್ಪಿಸಿ ಅದರ ಮೇಲೆ ಕೂರುವುದು, ಕಳ್ಳ ಬಂದ ಕೂಡಲೇ ಮಾವನ ಕೋವಿಯಿಂದ ಆಕಾಶಕ್ಕೆ ಒಂದು ಹಾರಿಸುವುದು, ಹೆದರಿ ಬಿದ್ದವನನ್ನು ಎಲ್ಲರೂ ಸೇರಿ ಹಿಡಿಯುವುದು.

ನಮ್ಮಲ್ಲಿ ಮನೆಗೊಂದು ಕೋವಿ ಇರುವುದು ಮನೆಗೊಂದು ಮೊರ ಇದ್ದ ಹಾಗೆ. ಲೈಸನ್ಸು ಗೀಸನ್ಸು ಕೇಳುವವರಿಲ್ಲ. ಮಾವನದು ಎರಡು ನಳಿಗೆಯ, ಬಾಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿ. ಅದನ್ನು ಕೊಡುವಾಗ ಮಾವ ನನ್ನ ಕಿವಿ ಹಿಡಿದು ಹೇಳಿದರು:

"ಗುಂಡು ಹಾಕಬೇಡ, ಬರೀ ಮದ್ದು, ಮೇಲೆ ಚಿಂದಿ. ಒಂದೇ ನಳಿಗೆ. ಒಂದೇ ಸಲ. ಗೊತ್ತುಟ್ಟಲ್ಲ?"

ಗೊತ್ತಿತ್ತು. ಕೊಡಗಿನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಒಂದು ಗುಂಡಿನ ಸದ್ದು ಕೇಳಿದರೆ ಎಲ್ಲೋ ಗಂಡು ಮಗು ಹುಟ್ಟಿದೆ ಎಂದರ್ಥ. ಜನ ನಕ್ಕು ತಮ್ಮ ಕೆಲಸ ಮುಂದುವರಿಸುತ್ತಾರೆ. ಬೆನ್ನು ಬೆನ್ನಿಗೆ ಎರಡು ಕೇಳಿದರೆ ಸಾವು. ಆಗ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಸದ್ದು ಬಂದ ಕಡೆಗೆ ಊರಿಗೆ ಊರೇ ನಡೆದು ಬರುತ್ತದೆ. ಯಾರ ಮನೆ, ಯಾವ ಜಾತಿ, ಜಗಳ ಉಂಟಾ ಇಲ್ಲವಾ, ಯಾವುದೂ ಕೇಳುವುದಿಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲವಲ್ಲ, ನೀರು ಅಂಗಳದಲ್ಲೇ ಕಾಯಬೇಕು, ಅದಕ್ಕೆ ಗಂಡಸರು ಕತ್ತಿ ಹಿಡಿದು ಸೌದೆಗೆ ಬರುತ್ತಾರೆ, ಹೆಂಗಸರು ಹೆಣ ಮೀಯಿಸಲು ಹಂಡೆ, ಚೊಂಬು, ಕೊಡ ಹೊತ್ತು ತರುತ್ತಾರೆ.

ಆದ್ದರಿಂದ ನಾನು ಬಹಳ ಜಾಗ್ರತೆಯಿಂದ ಒಂದೇ ನಳಿಗೆಗೆ ಮದ್ದು ತುಂಬಿದೆ. ಮರ ಹತ್ತುವ ಹೊತ್ತಿಗೆ ಯಾವ ನಳಿಗೆಗೆ ತುಂಬಿದ್ದು ಎಂಬುದು ಮರೆತುಹೋಯಿತು. ಯಾವುದಕ್ಕೂ ಇರಲಿ ಎಂದು ಇನ್ನೊಂದಕ್ಕೂ ತುಂಬಿದೆ.

ಶುಕ್ರವಾರ ಮಧ್ಯಾಹ್ನ. ಕೆಳಗೆ ತೋಟದಲ್ಲಿ ಕಾಫಿ ಕುಯ್ಲು ಜೋರಾಗಿತ್ತು. ಕುಯ್ಲಿನ ಹೆಂಗಸರ ಹಾಡು, ಕೂಲಿ ಲೆಕ್ಕ ಬರೆಯುವ ರೈಟರನ ಬೈಗುಳ ಎರಡೂ ಗುಡ್ಡ ಹತ್ತಿ ಬರುತ್ತಿದ್ದವು. ನಾನು ಸೀಬೆಕಾಯಿ ತಿನ್ನುತ್ತಾ, ತಿನ್ನುತ್ತಾ, ಕೊಂಬೆಗೆ ಒರಗಿ ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಾಗ ಕಳ್ಳ ಬಂದಿದ್ದ. ಬಂದಿದ್ದ ಮಾತ್ರವಲ್ಲ, ಕೆಲಸ ಮುಗಿಸಿ ಹೊರಟಿದ್ದ. ಮಳೆಗೆ ಹಾಕಿಕೊಳ್ಳುವ ಗೋಣಿ ಕೊಪ್ಪೆಯನ್ನು ಆ ಚಳಿಬಿಸಿಲಿನಲ್ಲಿ ತಲೆಯಿಂದ ಸೊಂಟದ ತನಕ ಇಳಿಬಿಟ್ಟುಕೊಂಡು, ಕಂಕುಳಲ್ಲಿ ಬೆಲ್ಲದ ಡಬ್ಬ ಹಿಡಿದು, ಹಿಂಬಾಗಿಲಿಗೆ ಬೀಗ ಹಾಕುತ್ತಿದ್ದ. ಮುಖ ಕಾಣಲಿಲ್ಲ. ಬೀಗ ಹಾಕುವ ಕಳ್ಳ ಎಂಥವನು ಎಂದು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಕೋವಿ ಎತ್ತಿ, ಆಕಾಶ ನೋಡಿ, ಕುದುರೆ ಎಳೆದೆ.

ಢಂ.

ಇಷ್ಟಕ್ಕೆ ನಿಂತಿದ್ದರೆ ನಾನು ಇಂದು ಬಿ.ಎ. ಆಗಿರುತ್ತಿದ್ದೆ. ಆದರೆ ಹಳೆಯ ಕೋವಿ ಎದೆಗೆ ಒದ್ದ ರಭಸಕ್ಕೆ ನಾನು ಹಿಂದಕ್ಕೆ ವಾಲಿದೆ, ಕೊಂಬೆ ಲಟ್ಟೆಂದಿತು, ನಾನು ಕೆಳಗೆ, ನನ್ನ ಮೇಲೆ ಕೊಂಬೆ, ಕೊಂಬೆಯ ಮೇಲೆ ಕೋವಿ. ಬಿದ್ದ ಕೋವಿಗೆ ತನ್ನ ಇನ್ನೊಂದು ನಳಿಗೆಯ ನೆನಪಾಯಿತು.

ಢಂ.

ಕಳ್ಳ ಬೆಲ್ಲದ ಡಬ್ಬ ಅಲ್ಲೇ ಬಿಸಾಡಿ ಬಾಳೆತೋಟಕ್ಕೆ ನುಗ್ಗಿದ. ನಾನು ಅಂಗಾತ ಮಲಗಿ ಕಿವಿಗೊಟ್ಟೆ. ಕೆಳಗೆ ತೋಟದಲ್ಲಿ ಹಾಡು ನಿಂತಿತ್ತು. ರೈಟರ್ ಸಹ ಬೈಯುವುದನ್ನು ನಿಲ್ಲಿಸಿದ್ದ.

ಕೆರೆಯಿಂದ ಮಾವ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಎಷ್ಟು?"

"ಎರಡು."

"ಒಂದು ಅಂದಿದ್ದೆನಲ್ಲ!"

"ನಾನು ಹೊಡೆದದ್ದು ಒಂದೇ ಮಾವ. ಇನ್ನೊಂದು ಅದೇ ಹೊಡ್ಕೊಂಡ್ತು."

"ಅದೇ ಹೊಡ್ಕೊಂಡ್ತು! ನಿನ್ನನ್ನ ಹೊಡೀಲಿಲ್ಲವಲ್ಲ, ಒಂದು ಸಾವಾದರೂ ಇರ್ತಿತ್ತು ಬಂದವರಿಗೆ ತೋರಿಸಲಿಕ್ಕೆ."

"ಮೂರನೇದು ಹೊಡೆದುಬಿಡಲಾ ಮಾವ?"

"ಮೂರಕ್ಕೆ ಎಂತ ಅರ್ಥ?"

"ಎಂತದೂ ಇಲ್ಲ. ಗೊಂದಲ ಆಗಿ ಜನ ವಾಪಸು ಹೋಗಬಹುದು."

ಮಾವ ಸೌಟು ಎತ್ತಿದರು. ಅಷ್ಟರಲ್ಲಿ ಬಾಳೆತೋಟದ ಕಡೆಯಿಂದ ವಾರ್ಡನ್‌ರು ಏದುಸಿರು ಬಿಡುತ್ತಾ ಬಂದರು. "ಎಂತ ಆಯ್ತು? ಯಾರು ಸತ್ತದ್ದು?" ಎಂದರು. ಅವರ ಕೂದಲಲ್ಲಿ ಗೋಣಿಯ ನಾರು ಅಂಟಿಕೊಂಡಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆ ತಲೆ ಆಗಷ್ಟೇ ಮರದಿಂದ ಬಿದ್ದಿತ್ತು ನೋಡಿ.

ಆಮೇಲೆ ಜನ ಬಂದರು. ಇಲ್ಲಿ ನಾನು ಕೊಂಚ ಉಬ್ಬಿಸಿ ಹೇಳುತ್ತೇನೆ ಎಂದು ನಿಮಗೆ ಅನಿಸಬಹುದು, ಆದರೆ ಗುಡ್ಡದ ಒಂದೊಂದು ಪೊದೆಯೂ ಎದ್ದು ನಡೆದು ಬಂದಂತೆ ಕಂಡಿತು. ಹೆಗಲ ಮೇಲೆ ಕತ್ತಿ ಹೊತ್ತ ಗಂಡಸರು. ಮಡಿಲಲ್ಲಿ ಕಾಫಿ ಹಣ್ಣು ತುಂಬಿಕೊಂಡೇ ಓಡಿಬಂದ ಕುಯ್ಲಿನವರು. ಅರ್ಧ ದಿನದ ಕುಯ್ಲು ಹೋಯಿತು ಎಂದು ಅಳುತ್ತಿದ್ದ ರೈಟರ್, ಅವನನ್ನು ನೋಡಿ, ಸತ್ತವನು ಇವನಿಗೆ ಬಹಳ ಹತ್ತಿರದವನಿರಬೇಕು ಎಂದು ಸಮಾಧಾನ ಮಾಡುತ್ತಿದ್ದ ಮುದುಕಿಯರು. ಎಲ್ಲರ ಮುಂದೆ ಪಕ್ಕದ ಊರಿನ ಹಿರಿಯ ಅಜ್ಜ ಒಬ್ಬರು, ಕೋಲೂರಿಕೊಂಡು, ಮೀಸೆ ಇಳಿಬಿಟ್ಟುಕೊಂಡು.

"ದಾರ್ ಮೋನೇ?" ಎಂದು ತಮ್ಮ ಕೊಡವ ಮಾತಿನಲ್ಲೇ ಕೇಳಿದರು. ನಾನು ಮಿಕಿಮಿಕಿ ನೋಡಿದಾಗ, "ಯಾರಪ್ಪಾ ಹೋದದ್ದು?" ಎಂದು ಕನ್ನಡದಲ್ಲಿ ಕೇಳಿದರು.

"ಯಾರೂ ಸತ್ತಿಲ್ಲ ಅಜ್ಜ."

ಅಜ್ಜ ನನ್ನ ತಲೆ ಸವರಿದರು. "ದುಃಖದಲ್ಲಿ ಎಲ್ಲರೂ ಹಾಗೇ ಹೇಳ್ತಾರೆ. ಅತ್ತುಬಿಡು ಮೋನೇ, ಹಗುರ ಆಗ್ತದೆ."

ನನಗೆ ನಿಜಕ್ಕೂ ಅಳು ಬಂತು. ಅದನ್ನು ನೋಡಿ ಹೆಂಗಸರೆಲ್ಲ ಶುರುಮಾಡಿದರು. ಯಾರು ಸತ್ತದ್ದೆಂದು ತಿಳಿಯದೆ ಎಷ್ಟು ಹೊತ್ತು ಅಳುವುದು ಎಂದು ಅವರಲ್ಲೇ ನಾಲ್ಕೈದು ಜನ ಹೆಣ ಹುಡುಕಿಕೊಂಡು ಹೊರಟು, ದೊರೆಯ ಬಂಗಲೆಯ ಜಗಲಿಯಲ್ಲಿ, ಕೈ ಇಳಿಬಿಟ್ಟು, ಮುಖದ ಮೇಲೆ ಪತ್ರಿಕೆ ಹರಡಿಕೊಂಡು ಮಲಗಿದ್ದ ದೊರೆಯನ್ನು ಕಂಡರು. ಅಷ್ಟೇ ಸಾಕಾಯಿತು. ಸುತ್ತ ಕೂತು ಎದೆ ಬಡಿದುಕೊಂಡು ಅವರ ಗುಣಗಾನ ಮಾಡತೊಡಗಿದರು. "ಬಿಳಿಯಾದರೂ ಒಳ್ಳೆಯವನಿದ್ದನಲ್ಲೋ!"

ಹೆಣ ಎದ್ದು ಕೂತಿತು.

ಮುಂದಿನ ಸಾಲಿನವರು ಹಿಂದಿನ ಸಾಲಿನ ಮೇಲೆ ಬಿದ್ದರು. ದೊರೆ ಕಣ್ಣುಜ್ಜಿಕೊಂಡು ನೋಡಿದರೆ ಅಂಗಳದ ತುಂಬ ಕತ್ತಿ ಹಿಡಿದ ಜನ. ಆ ದಿನಗಳಲ್ಲಿ ಘಟ್ಟದ ಕೆಳಗೆ ಬಾವುಟ, ಘೋಷಣೆ, ಲಾಠಿ ಅಂತೆಲ್ಲ ಸುದ್ದಿ ಇತ್ತಲ್ಲ, ಕೊಡಗಿಗೂ ಬಂತು ಎಂದುಕೊಂಡಿರಬೇಕು. ಆದರೂ ಗಟ್ಟಿಗ ಮನುಷ್ಯ. ಎದ್ದು ನಿಂತು, "ಮೃತರು ಯಾರು?" ಎಂದರು.

"ನೀವು ಅಂತ ಅಂದ್ಕೊಂಡಿದ್ದೆವು ದೊರೆ," ಎಂದರು ಅಜ್ಜ. ಮರ್ಯಾದೆಯಿಂದ ಬೇರೆ ಹೇಳಿದರು.

ದೊರೆ ನೀರು ಕುಡಿಯಲು ಒಳಗೆ ಹೋದರು. ಸರಿಯಾಗಿ ಆ ಹೊತ್ತಿಗೆ ಬಾಳೆತೋಟದಾಚೆಯಿಂದ ವಾರ್ಡನ್‌ರ ಹೆಂಡತಿ ಬಂದರು.

ಈ ಅಮ್ಮನ ಬಗ್ಗೆ ಹೇಳಬೇಕು. ಹಾಸ್ಟೆಲಿನ ಯಾವ ಹುಡುಗನಿಗೆ ಜ್ವರ ಬಂದರೂ ಕರಿಮೆಣಸಿನ ಕಷಾಯ ಕಾಯಿಸಿ ಕಳಿಸುತ್ತಿದ್ದವರು ಅವರು. ಉಪ್ಪಿನಕಾಯಿ ಕಳಕೊಂಡ ಹುಡುಗನಿಗೆ ತಾವೇ ಮಾಡಿದ ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟು ಕಣ್ಣೊರೆಸಿದ್ದರು. ಎರಡು ಗುಂಡಿನ ಸದ್ದು ಕೇಳಿದ ಕೂಡಲೇ ಆ ಅಮ್ಮ, ನಮ್ಮ ನಾಡಿನ ಯಾವ ಹೆಣ್ಣಾದರೂ ಮಾಡುವುದನ್ನೇ ಮಾಡಿದ್ದರು. ಮನೆಯ ಎಲ್ಲಕ್ಕಿಂತ ದೊಡ್ಡ ಪಾತ್ರೆಯನ್ನು ಎತ್ತಿಸಿಕೊಂಡು ಹೊರಟಿದ್ದರು. ಇಬ್ಬರು ಕುಯ್ಲಿನ ಹೆಂಗಸರು ಅದನ್ನು ಎರಡು ಬದಿಯಿಂದ ಹಿಡಿದು ತಂದು ಅಡುಗೆಮನೆಯ ಮುಂದೆ ಇಳಿಸಿದರು.

ತಾಮ್ರದ ಹಂಡೆ. ಅಡಿಯ ಹತ್ತಿರ ಒಂದು ತಗ್ಗು.

ನನ್ನ ಕೈ ತಾನಾಗಿ ಹಣೆಗೆ ಹೋಯಿತು.

"ನೀರು ಕಾಯಿಸಲಿಕ್ಕೆ ಇದು ಆಗ್ತದಾ ನೋಡಿ," ಎಂದರು ಅಮ್ಮ, ಸೆರಗಿನಿಂದ ಕಣ್ಣು ಒರೆಸುತ್ತಾ. "ಮೊನ್ನೆ ಮೊನ್ನೆ ಇವರು ಪೇಟೆಯಿಂದ ತಂದದ್ದು. ಇನ್ನೂ ಒಲೆಗೇ ಇಟ್ಟಿರಲಿಲ್ಲ. ಮೊದಲ ನೀರು ಹೀಗೆ ಕಾಯಬೇಕು ಅಂತ ಇತ್ತು, ಏನು ಮಾಡುವುದು."

ಹಾಸ್ಟೆಲಿನ ಹುಡುಗರೆಲ್ಲ ಹಂಡೆ ನೋಡಿದರು, ಆಮೇಲೆ ನನ್ನ ಹಣೆ ನೋಡಿದರು, ಆಮೇಲೆ ವಾರ್ಡನ್‌ರನ್ನು ನೋಡಿದರು. ವಾರ್ಡನ್‌ರು ಆಕಾಶ ನೋಡಿದರು. ಕೂದಲಿನ ಗೋಣಿನಾರು ಆಗ ನನ್ನ ತಲೆಗೆ ಹೋಯಿತು. ನಾನು ಬಾಯಿ ತೆರೆದೆ.

ಮಾವ ನನ್ನ ತೋಳಿನ ಒಳಭಾಗ ಹಿಡಿದು ಚಿವುಟಿದರು. ಅನ್ನ ಬೆಂದಿತಾ ಎಂದು ಅಗುಳು ಹಿಚುಕಿ ಹಿಚುಕಿ ಗಟ್ಟಿಯಾದ ಬೆರಳು. ನನ್ನ ಬಾಯಿ ತೆರೆದೇ ಇತ್ತು, ಮಾತು ಹಿಂದಕ್ಕೆ ಹೋಯಿತು.

"ಹೇಳಬೇಡ," ಎಂದರು ಪಿಸುದನಿಯಲ್ಲಿ.

"ಮಾವ, ನಮ್ಮ ಹಂಡೆ!"

"ಕಣ್ಣು ನಂಗೂ ಉಟ್ಟು. ಸಾವು ಅಂತ ಹಂಡೆ ಹೊತ್ತು ಬಂದ ಹೆಂಗಸಿಗೆ, ಇಷ್ಟು ಜನರ ಎದುರು, ನಿನ್ನ ಗಂಡ ಕಳ್ಳ ಅಂತ ಹೇಳ್ದಾ? ಹಾಗೆ ಹೇಳಿದರೆ ನಾಳೆ ಯಾರ ಸಾವಿಗೆ ಯಾರು ಹಂಡೆ ತರ್ತಾರೆ?"

"ನಾಳೆ ಶನಿವಾರ, ಮಾವ."

"ಗೊತ್ತುಟ್ಟು."

ಧರ್ಮಾತ್ಮನ ದನಿಯಲ್ಲ ಅದು. ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು, ನನ್ನನ್ನು ಕೆರೆಗೆ ನೂಕುವ ಆಸೆಯೂ ಇತ್ತು.

ದೊರೆ ಟೋಪಿ ಹಾಕಿಕೊಂಡು ಹೊರಗೆ ಬಂದರು. ಹಂಡೆ ಆಗಲೇ ಮೂರು ಕಲ್ಲಿನ ಮೇಲೆ ಏರಿತ್ತು. ಅದು ಯಾರ ಕೈಯಲ್ಲಿ ಬಂತು ಎಂದು ಅವರು ನೋಡಿರಲಿಲ್ಲ. ಅದನ್ನು ಗುರುತಿಸಿ ಹುಬ್ಬೇರಿಸಿ, ನನ್ನ ಕಡೆ ತಿರುಗಿದರು. ಮರದ, ಕೋವಿಯ ಕತೆಯನ್ನು ಅಷ್ಟರಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು.

"ಬಾಲಕನೇ, ವೃಕ್ಷದ ಮೇಲಿದ್ದವನು ನೀನಷ್ಟೆ. ಚೋರನನ್ನು ಕಂಡೆಯಾ?"

ಎಲ್ಲ ನನ್ನ ಕೈಯಲ್ಲಿತ್ತು. ಒಂದು ಮಾತು. ಮಾವನ ಒಲೆ, ನನ್ನ ಚಾಪೆ, ಬಿ.ಎ. ಆ ಅಮ್ಮ ನನ್ನ ಪಕ್ಕದಲ್ಲೇ ಕೂತು, ಒದ್ದೆ ಸೌದೆಯನ್ನು ಊದಿ ಊದಿ ಬೆಂಕಿ ಹಿಡಿಸುತ್ತಿದ್ದರು. ಹೊಗೆಗೆ ಕೆಮ್ಮುತ್ತಾ ನನ್ನನ್ನು ನೋಡಿ, ಹೆದರಬೇಡ ಹೇಳು ಎಂಬಂತೆ ತಲೆಯಾಡಿಸಿದರು.

"ಮಂಗ, ಸಾರ್," ಎಂದೆ.

"ಮಂಗಕ್ಕೆ ಎರಡು ಗುಂಡುಗಳೇ?"

"ದೊಡ್ಡ ಮಂಗ, ಸಾರ್."

"ಅಯ್ಯೋ, ಸತ್ತಿತಾ?" ಎಂದರು ಅಮ್ಮ.

"ಇಲ್ಲ ಅಮ್ಮ. ಆರೋಗ್ಯವಾಗಿ ಉಂಟು."

ವಾರ್ಡನ್‌ರಿಗೆ ಅಲ್ಲಿಗೆ ಧೈರ್ಯ ಬಂತು. ದೊರೆಯ ಹತ್ತಿರ ಸರಿದು ಇಂಗ್ಲಿಷಿನಲ್ಲಿ ಹೇಳತೊಡಗಿದರು. ಅಂಗಳದಲ್ಲಿ ನೆರೆದ ಹಿರಿಯರಿಗೆ ಯಾರಿಗೂ ಅದು ತಿಳಿಯಲಿಲ್ಲ. ನನಗೆ ತಿಳಿಯಿತು. ಇಷ್ಟು ದಿನ ಕಾಲೇಜಿನಲ್ಲಿ ಕಲಿತದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂದದ್ದು ಆವತ್ತೇ. ಹಂಡೆ ಕಳವೇ ಆಗಿರಲಿಲ್ಲವಂತೆ. ಅಡುಗೆಯವನು ಎಲ್ಲೋ ಅಡಗಿಸಿಟ್ಟಿದ್ದನಂತೆ. ನೌಕರಿ ಹೋಗುತ್ತದೆ ಎಂದು ಹೆದರಿ, ಅಳಿಯನ ಕೈಯಲ್ಲಿ ಕೋವಿ ಹೊಡೆಸಿ ಜನ ಸೇರಿಸಿ, ಗದ್ದಲದ ನಡುವೆ ವಾಪಸು ತಂದಿಟ್ಟಿದ್ದಾನಂತೆ. ಕೋವಿ ಯಾರದೆಂದು ಬೇಕಾದರೆ ಕೇಳಿ ನೋಡಿ, ಎಂದರು. ಗಣಿತದ ಮೇಷ್ಟ್ರು. ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ, ಕೆಳಗೆ ಗೆರೆ ಎಳೆದ ಹಾಗಿತ್ತು.

ನಾನು ಇಂಗ್ಲಿಷಿನಲ್ಲಿ ಏನಾದರೂ ಹೇಳಲು ಪರದಾಡಿದೆ. ಅಮ್ಮನಿಗೆ ತಿಳಿಯದ ಹಾಗೆ, ದೊರೆಗೆ ಮಾತ್ರ ತಿಳಿಯುವ ಹಾಗೆ ಹೇಳಿಬಿಡಬಹುದಿತ್ತಲ್ಲ! ಇಂಗ್ಲಿಷಿನಲ್ಲಿ ನನಗೆ ಸೂರ್ಯಾಸ್ತವನ್ನು ಎರಡು ಪುಟ ವರ್ಣಿಸಲು ಬರುತ್ತಿತ್ತು. ಹಂಡೆ ಬರುತ್ತಿರಲಿಲ್ಲ. "ಸರ್, ದಟ್... ದಟ್..." ಎಂದು ಹಂಡೆಯ ಕಡೆ, ಆಮೇಲೆ ನನ್ನ ಹಣೆಯ ಕಡೆ ಬೆರಳು ತೋರಿಸಿದೆ. ಮರದಿಂದ ಬಿದ್ದವನಿಗೆ ತಲೆಗೆ ಪೆಟ್ಟಾಗಿದೆ ಎಂದುಕೊಂಡು ದೊರೆ ನನ್ನ ಭುಜ ತಟ್ಟಿದರು. ಆಮೇಲೆ ವಾರ್ಡ‌ನ್‌ರಿಗೆ ಇಂಗ್ಲಿಷಿನಲ್ಲೇ ಎರಡು ಮಾತು ಹೇಳಿ ಒಳಗೆ ಹೋದರು.

ಮಾವ ನನ್ನನ್ನು ಕೇಳಿದರು, "ಎಂತ ಹೇಳಿದ್ರು?"

"ನಿಮ್ಮ ಸಾರು ಚೆನ್ನಾಗಿರ್ತದೆ ಅಂತ ಹೇಳಿದ್ರು ಮಾವ."

ಮಾವ ನನ್ನ ಮುಖ ನೋಡಿದರು. "ಯಾವಾಗ ಹೊರಡಬೇಕಂತೆ?"

"ನಾಳೆ ಬೆಳಿಗ್ಗೆ."

"ಹೂಂ," ಎಂದರು ಮಾವ, ಸೌಟು ಇನ್ನೂ ಕೈಯಲ್ಲೇ ಇತ್ತು. "ಸಾರಿನ ಮಾತು ನೀ ಹಾಕಿದ್ದಾ?"

"ಹೌದು."

"ಅದಾದರೂ ನಿಜ ಉಟ್ಟಲ್ಲ."

ಇಷ್ಟಕ್ಕೆ ನನ್ನ ಗ್ರಹಚಾರ ಮುಗಿಯಲಿಲ್ಲ. ಜನ ಹೋಗಲಿಲ್ಲ. ಸಾವೇ ಆಗಿಲ್ಲವಲ್ಲ, ಹೋಗಿ ಎಂದರೆ, ಅಜ್ಜ ಒಪ್ಪಲಿಲ್ಲ. "ಎರಡು ಗುಂಡು ಕೇಳಿ ಬಂದಿದ್ದೇವೆ, ಎದೆ ಬಡ್ಕೊಂಡು ಅತ್ತಿದ್ದೇವೆ. ಮೀಯದೆ ಮನೆ ಹೊಗಲಿಕ್ಕೆ ಆಗ್ತದಾ? ಸತ್ತವರು ಇಲ್ಲದಿದ್ದರೆ ಅದು ನಮ್ಮ ತಪ್ಪಲ್ಲ." ಎಲ್ಲರಿಗೂ ಅದು ನ್ಯಾಯವಾಗಿ ಕಂಡಿತು. ಚಳಿಗೆ ತಣ್ಣೀರು ಬೇಡ, ಹೇಗೂ ಹಂಡೆ ಒಲೆಯ ಮೇಲಿದೆ ಎಂದು ಅಮ್ಮನೇ ಹೇಳಿದರು. ಆ ಮಧ್ಯಾಹ್ನವಿಡೀ ನಾನು ಕೆರೆಯಿಂದ ನೀರು ಹೊತ್ತೆ. ಮಾವ ಹಂಡೆಯ ಬುಡದಲ್ಲಿ ಕೂತು ಬೆಂಕಿ ಹಾಕಿದರು. ಆ ಹಾಸ್ಟೆಲಿನಲ್ಲಿ ಅವರು ಮಾಡಿದ ಕೊನೆಯ ಕೆಲಸ, ಯಾರೂ ಸಾಯದ ಸಾವಿಗೆ ಊರಿಗೆಲ್ಲ ಬಿಸಿನೀರು ಕಾಯಿಸಿದ್ದು. ರೈಟರ್ ಸಹ ಮಿಂದ. ವಾರ್ಡನ್‌ರೂ ಮೀಯಬೇಕಾಯಿತು, ಹೆಂಡತಿ ಬಿಡಲಿಲ್ಲ. ಮಾವನೇ ಅವರಿಗೆ ಚೊಂಬಿನಲ್ಲಿ ಮೊಗೆದು ಕೊಟ್ಟರು. ಬಿಸಿ ಹದವಾಗಿದೆಯೇ ಎಂದು ಬೇರೆ ಕೇಳಿದರು.

ಮಾರನೆಯ ಬೆಳಿಗ್ಗೆ ನಾವು ಹೊರಟೆವು. ಮಾವನ ಹೆಗಲ ಮೇಲೆ ಕೋವಿ, ನನ್ನ ತಲೆಯ ಮೇಲೆ ಟ್ರಂಕು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಾಲೇಜು ಕಾಣಲಿಲ್ಲ, ಹಾಗಾಗಿ ತಿರುಗಿ ನೋಡುವ ಕೆಲಸ ಉಳಿಯಿತು. ಕಾಂಪೌಂಡಿನ ಗೇಟಿನ ಹತ್ತಿರ ಅಮ್ಮ ನಿಂತಿದ್ದರು. ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿಯ ಗಂಟು ನನ್ನ ಕೈಗೆ ಕೊಟ್ಟರು.

"ನಿಮ್ಮನ್ನ ಯಾಕೆ ಕಳಿಸ್ತಾರೆ ಅಂತಲೇ ನನಗೆ ತಿಳೀಲಿಲ್ಲ," ಎಂದರು ಮಾವನಿಗೆ. "ಇವರನ್ನ ಕೇಳಿದರೆ, ದೊರೆಯ ಆರ್ಡರು ಅಂತಾರೆ. ನೀನು ಓದು ಬಿಡಬೇಡ ಮಗ."

"ಇಲ್ಲ ಅಮ್ಮ," ಎಂದೆ. ನಾನೀಗ ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಕುಯ್ಲಿನವರನ್ನು ಬೈಯುವುದೇ ಕೆಲಸ, ಅದೂ ಸರಿಯಾಗಿ ಬರುವುದಿಲ್ಲ.

"ಹಂಡೆ ಅಲ್ಲೇ ಬಿಟ್ಟಿದ್ದೇನೆ," ಎಂದರು ಅಮ್ಮ. "ಸಾವಿಗೆ ಅಂತ ತಂದದ್ದು, ನಾಲ್ಕು ದಿನ ಕಳೀಲಿ ಅಂತ. ಆಮೇಲೆ ತರಿಸಿಕೊಂಡು ಚೆನ್ನಾಗಿ ತೊಳೆಯಬೇಕು, ಹೊಗೆ ಹಿಡಿದುಬಿಟ್ಟಿದೆ."

ಮಾವ ಗೇಟು ದಾಟಿಯಾಗಿತ್ತು. ತಿರುಗಿ ನಿಂತು, ಯಾವ ಅಡುಗೆಯವನಾದರೂ ಇನ್ನೊಬ್ಬರಿಗೆ ಹೇಳುವ ಹಾಗೆ ಹೇಳಿದರು:

"ಹುಣಿಸೆಹುಳಿ ಹಾಕಿ ಉಜ್ಜಿ ಅಮ್ಮ. ಒಳಗೆ, ಆ ತಗ್ಗಿನ ಎಡಕ್ಕೆ, ಒಂದು ಸಣ್ಣ ಬೆಸುಗೆ ಉಟ್ಟು. ಹೋದ ಮಳೆಗಾಲ ಹಾಕಿಸಿದ್ದು. ಅಲ್ಲಿ ಜೋರಾಗಿ ಉಜ್ಜಬೇಡಿ, ಬಿಟ್ಟುಕೊಳ್ತದೆ."

ಹೇಳಿದ ಮೇಲೆ ಅವರಿಗೇ ತಿಳಿಯಿತು. ನಾಲಿಗೆ ಕಚ್ಚಿಕೊಂಡರು.

ಗೇಟಿನ ಮೇಲಿಟ್ಟ ಅಮ್ಮನ ಕೈ ಹಾಗೇ ಇತ್ತು. ಅವರು ಮಾವನ ಮುಖ ನೋಡಿದರು, ಆಮೇಲೆ ಮಂಜಿನಲ್ಲಿ ಬಾಳೆತೋಟ ಇರಬೇಕಾದ ಕಡೆ ನೋಡಿದರು. ನನಗೆ ಏನಾದರೂ ತಮಾಷೆ ಮಾಡಿ ಆ ಹೊತ್ತನ್ನು ದಾಟಿಸಬೇಕು ಎನಿಸಿತು. ತಲೆಯ ಮೇಲಿನ ಟ್ರಂಕು ಸರಿಮಾಡಿಕೊಂಡೆ, ಅಷ್ಟೇ.

"ಬರ್ತೇವೆ ಅಮ್ಮ," ಎಂದರು ಮಾವ.

ಇಳಿಜಾರಿನಲ್ಲಿ ಬಹಳ ದೂರ ಬಂದ ಮೇಲೆ ಮಾವ ನಿಂತರು. "ನಾ ಎಂತ ಮಾಡಿದೆ?" ಎಂದರು. "ಬೇಕೂಂತ ಹೇಳಿದ್ದಲ್ಲ. ಬೆಸುಗೆ ಬಿಟ್ಟರೆ ಹಂಡೆ ಹಾಳು ಅಂತ ಹೇಳಿದ್ದು."

"ಗೊತ್ತು ಮಾವ."

"ಹಿಂದೆ ಹೋಗಿ ಎಂತದಾದರೂ ಹೇಳಿ ಬರೋಣವಾ?"

"ಎಂತ ಹೇಳುವುದು?"

ಮಾವ ಯೋಚಿಸಿದರು. ಮಂಜಿನೊಳಗಿಂದ, ಮೇಲೆ ಎಲ್ಲೋ, ತಟ್ಟೆಗೆ ಸೌಟು ಬಡಿಯುವ ಸದ್ದು ಕೇಳಿತು. ಮೊದಲ ಪೀರಿಯಡ್ ಶುರುವಾಗಿತ್ತು. ನನಗೆ ಹಸಿವಾಯಿತು. ರೊಟ್ಟಿಯ ಗಂಟು ಬಿಚ್ಚಿದೆ. ಇನ್ನೂ ಬಿಸಿಯಿತ್ತು, ಗೇಟಿನ ಮೇಲಿದ್ದ ಆ ಕೈ ನೆನಪಾಗಿ ಇಬ್ಬರೂ ತಿನ್ನಲಾರದೆ ಅದನ್ನು ಹಿಡಿದುಕೊಂಡು ನಿಂತೆವು.